ಹತ್ತು ನಿಮಿಷದ ನೇಯ್ಗೆ

ತಪ್ಪು ನನ್ನದು. ಓಣಿಯವರೆಲ್ಲ ಕಂಪನಿಯನ್ನು ಬೈಯುವಾಗ ನಾನೂ ದನಿಗೂಡಿಸಿ ಗಂಟಲು ಹರಿದುಕೊಂಡಿದ್ದೇನೆ, ಅದಕ್ಕೇ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪನಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಆ ದಿನ ನಮ್ಮ ಮನೆಯವರನ್ನು ಮಗ್ಗಕ್ಕೆ ಕೂರಿಸಿದವಳು ನಾನೇ.

ಇವರ ಎರಡೂ ಕಿಡ್ನಿ ಹೋಗಿ ನಾಲ್ಕು ವರ್ಷವಾಯಿತು. ವಾರಕ್ಕೆರಡು ಸಲ ಡಯಾಲಿಸಿಸ್ ಆಗದಿದ್ದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಮೊದಲ ವರ್ಷ ಬಾಗಲಕೋಟೆಗೆ ಬಸ್ಸಿನಲ್ಲಿ ಓಡಾಡಿ ಇಬ್ಬರೂ ಹಣ್ಣಾಗಿದ್ದೆವು. ಆಗ ದೇಶದ ಗೋಡೆಗಳಿಗೆಲ್ಲ ಬಣ್ಣ ಮಾರುವ ಒಂದು ದೊಡ್ಡ ಕಂಪನಿ ನಮ್ಮ ಬನಹಟ್ಟಿಯಲ್ಲೇ ಡಯಾಲಿಸಿಸ್ ಕೇಂದ್ರ ತೆರೆದು ಎರಡು ಮಷಿನ್ ಇಟ್ಟಿತು. ಲಾಭದಲ್ಲಿ ಇಂತಿಷ್ಟು ಸಮಾಜಕ್ಕೆ ಖರ್ಚು ಮಾಡಬೇಕೆಂದು ಕಾನೂನು ಇದೆಯಂತೆ. ಕಾನೂನಿಗೆ ಮಾಡಲಿ, ಪುಣ್ಯಕ್ಕೆ ಮಾಡಲಿ, ನಮಗೇನು? ನಡೆದು ಹೋಗುವಷ್ಟು ದೂರ, ಎಲ್ಲ ಪುಕ್ಕಟೆ.

ಒಂದು ಮಷಿನ್ನಿಗೆ ಇವರು, ಪಕ್ಕದ್ದಕ್ಕೆ ತೇರದಾಳದ ಅರಿವೆ ಅಂಗಡಿಯ ಆದಿನಾಥಣ್ಣ. ಒಳಗೆ ಅವರಿಬ್ಬರ ಮಾತು ಮುಗಿಯುತ್ತಿರಲಿಲ್ಲ. ಹೊರಗೆ ಬಾಕಿನ ಮೇಲೆ ನಾನು ಮತ್ತು ಆದಿನಾಥಣ್ಣನ ಹೆಂಡತಿ ಅಕ್ಕವ್ವ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆಯಾಕೆ. ಸಂಜೆಯಾಗುತ್ತಲೇ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ನನ್ನ ಕೈಗಿಟ್ಟು, ತಿನ್ನದಿದ್ದರೆ ಗದರುತ್ತಿದ್ದಳು. ಹೀಗೆ ಮೂರು ವರ್ಷ ನಡೆಯಿತು.

ಹೋದ ಶ್ರಾವಣದಲ್ಲಿ ಕಂಪನಿಯಿಂದ ವಂದನಾ ಮೇಡಮ್ ಫಲಾನುಭವಿಗಳ ಮನೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ನಮ್ಮ ಓಣಿಯಲ್ಲಿ ಒಂದು ರೂಢಿಯಿದೆ. ದೊಡ್ಡವರು ಮನೆಗೆ ಬಂದಾಗ ಮಗ್ಗ ಸುಮ್ಮನಿರಬಾರದು. ಸುಮ್ಮನಿದ್ದರೆ ಬಂದವರಿಗೆ ಅವಮಾನ. ಇವರು ಕಾಯಿಲೆ ಬಿದ್ದ ಮೇಲೆ ಮಗ್ಗ ನಡೆಸುತ್ತಿದ್ದವಳು ನಾನು. ಹಾಗಂತ ಗಂಡ ಮೂಲೆಯಲ್ಲಿ ಬಿದ್ದುಕೊಂಡು ಹೆಂಡತಿ ನೇಯುವುದನ್ನು ಉಪಕಾರ ಮಾಡಿದವರಿಗೆ ತೋರಿಸುವುದೇ? ನನ್ನ ಮನಸ್ಸು ಒಪ್ಪಲಿಲ್ಲ.

"ಹತ್ತ ಮಿನಿಟ ಕುಂದರ್ರಿ," ಎಂದೆ. "ಅವರ ಉಪ್ಪ ತಿಂದೇವಿ. ಅವರು ಮಾಡಿದ್ದು ದಂಡ ಆಗಿಲ್ಲಂತ ಕಣ್ಣಾರೆ ನೋಡ್ಲಿ."

"ಈ ಕೈಲೆ ಆಗತೈತೇನ?"

"ಹತ್ತ ಮಿನಿಟ ಅಷ್ಟ ರೀ."

ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ಎಡಗೈ ಕಾಣದಂತೆ ತುಂಬುತೋಳಿನ ಅಂಗಿ ತೊಡಿಸಿ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿಸಿದೆ. ಮೇಡಮ್ ಬಂದರು. ಲಾಳಿ ಓಡಿತು. ಮೇಡಮ್ ಮೊಬೈಲಿನಲ್ಲಿ ವಿಡಿಯೋ ಹಿಡಿದರು.

"ದಿನಾ ನೇಯ್ತೀರಾ?" ಎಂದು ಕೇಳಿದರು.

ಇವರು ನನ್ನ ಮುಖ ನೋಡಿದರು. "ಹೌದ್ರಿ, ನೇಯ್ತೇನ್ರಿ. ನಿಮ್ಮ ಪುಣ್ಯಾಲೆ ಆರಾಮ ಅದೀನ್ರಿ," ಎಂದರು.

ಮೇಡಮ್ ಕಣ್ಣು ಒದ್ದೆಯಾದವು. ಅವರ ಕಾರು ಓಣಿ ದಾಟಿದ ಮೇಲೆ ಇವರನ್ನು ಕುಣಿಯಿಂದ ಎತ್ತಲು ಇಬ್ಬರು ಬೇಕಾದರು. ಆದಿನಾಥಣ್ಣನೂ ಅಂಗಡಿಯಲ್ಲಿ ನಿಂತು ಮೇಡಮ್ ಎದುರಿಗೆ ಗಿರಾಕಿಗೆ ಅರಿವೆ ಅಳೆದು ಕೊಟ್ಟರಂತೆ. ಅದನ್ನು ಕೇಳಿ ನಾನೂ ಅಕ್ಕವ್ವನೂ ಬಾಕಿನ ಮೇಲೆ ಕೂತು ನಕ್ಕಿದ್ದೆವು.

ಎರಡು ತಿಂಗಳಿಗೆ ಕೇಂದ್ರದ ಬಾಗಿಲಿಗೆ ಕಾಗದ ಅಂಟಿಸಿದರು. ಮಷಿನ್ ನೋಡಿಕೊಳ್ಳುವ ಅರುಣ ಓದಿ ಹೇಳಿದ. ಫಲಾನುಭವಿಗಳು ದುಡಿಮೆಗೆ ಮರಳಿದ್ದಾರೆ, ಯೋಜನೆಯ ಉದ್ದೇಶ ಈಡೇರಿದೆ, ತಿಂಗಳ ಕೊನೆಗೆ ಕೇಂದ್ರ ಮುಚ್ಚುತ್ತದೆ.

"ಮಷಿನ್ ಬ್ಯಾರೆ ಜಿಲ್ಲಾಕ್ಕ ಹೊಂಟಾವ್ರಿ ಅಕ್ಕಾರ," ಎಂದ.

ಅಕ್ಕವ್ವ ಜಾಣೆ. ಮರುದಿನವೇ ಜಮಖಂಡಿಯ ಒಂದು ದವಾಖಾನೆಗೆ ಹೋಗಿ ಆದಿನಾಥಣ್ಣನ ಹೆಸರು ಬರೆಸಿದಳು. "ಒಂದ ಜಾಗ ಇತ್ತು, ನಮಗ ಸಿಕ್ಕೈತಿ. ನೀನೂ ಲಗೂನ ಹೆಸರ ಹಚ್ಚಬೇ," ಎಂದು ಫೋನ್ ಮಾಡಿದಳು. ನಾನು ಹೋಗಲಿಲ್ಲ. ಮೇಡಮ್ಮಿಗೆ ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆ ನನಗೆ. ಹನ್ನೆರಡು ದಿನ ಅವರ ಬೆನ್ನು ಹತ್ತಿದೆ. ಕೊನೆಗೆ ಮುಧೋಳದ ಒಂದು ಶಾಲೆಯಲ್ಲಿ ಕಂಪನಿಯವರು ಸಸಿ ನೆಡುವ ಕಾರ್ಯಕ್ರಮದಲ್ಲಿ ಸಿಕ್ಕರು.

"ಅವತ್ತ ನೇಯ್ದದ್ದು ಖರೆ ಅಲ್ರಿ ಮೇಡಮ್ಮಾರ. ನಾನ ಕುಂದರಿಸಿದ್ದೆ. ಅವರಿಗೆ ಎದ್ದ ನಿಂದ್ರಾಕೂ ಆಗೂದಿಲ್ರಿ."

ಅವರ ಮುಖ ಬಿಳಿಚಿಕೊಂಡಿತು. "ಸುಳ್ಳು ತೋರಿಸಿದ್ರಾ?"

"ಸುಳ್ಳಲ್ರಿ. ಬಂದವರಿಗೆ ಮರ್ಯಾದಿ ಮಾಡಿದ್ವಿ."

"ಚೆನ್ನಾಗಿ ಆಗಿದೆ ಅಂತ ತೋರಿಸಿದರೆ ಇನ್ನೂ ಮೂರು ವರ್ಷ ಕೊಡ್ತಾರೆ ಅಂದುಕೊಂಡು ನಾನೂ ಹೊಗಳಿ ಬರೆದೆ," ಎಂದರು. "ಮೇಲಿನವರು, ಚೆನ್ನಾಗಿ ಆಗಿದ್ದರೆ ಮತ್ತೇಕೆ ಅಂದರು."

ಅವರನ್ನು ಬೈಯಲೆಂದೂ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಬೈಯುವ ಬದಲು ಕೈ ಮುಗಿದೆ. ಮತ್ತೆ ಬರೆಯುತ್ತೇನೆ ಎಂದರು. ಬರೆದರೋ ಇಲ್ಲವೋ, ತಿಂಗಳ ಕೊನೆಗೆ ಮಷಿನ್ ಎರಡೂ ಟೆಂಪೋ ಹತ್ತಿದವು.

ಬಾಗಲಕೋಟೆಯಲ್ಲಿ ನಮ್ಮ ಹಳೆಯ ಜಾಗ ಬೇರೆಯವರಿಗೆ ಹೋಗಿತ್ತು; ಯಾರಾದರೂ ಬಾರದ ದಿನ ಮಾತ್ರ ನಮಗೆ ಪಾಳಿ. ಕೆಲವು ವಾರ ಒಂದು ಸಲ, ಕೆಲವು ವಾರ ಅದೂ ಇಲ್ಲ. ಇವರ ಕಾಲು ಬಾತು ಚಪ್ಪಲಿ ಹಿಡಿಯದಾಯಿತು. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿಯೇ ಇರುತ್ತಿದ್ದರು. ಜಮಖಂಡಿಯ ದವಾಖಾನೆಗೆ ಹೋಗಿ ತಡವಾಗಿ ಹೆಸರು ಬರೆಸಿದೆ; ಕಾಯುವವರ ಪಟ್ಟಿಯಲ್ಲಿ ನಮ್ಮದೇ ಮೊದಲ ಹೆಸರು.

"ಜಾಗ ಯಾವಾಗ ಆಗತೈತ್ರಿ?" ಎಂದು ಅಲ್ಲಿಯವರನ್ನು ಕೇಳಿದೆ.

ಅವರು ತಲೆ ಎತ್ತದೆ ರಿಜಿಸ್ಟರಿನ ಹಾಳೆ ತಿರುವಿದರು. ನನಗೆ ತಿಳಿಯಿತು. ಡಯಾಲಿಸಿಸನ್ನು ಯಾರೂ ಬೇಕೆಂದು ಬಿಡುವುದಿಲ್ಲ.

ಅಂದಿನಿಂದ ನಾನು ಒಂದು ಸಾವಿಗೆ ಕಾಯತೊಡಗಿದೆ. ಗುರುತಿಲ್ಲದ ಯಾರೋ ಮುದುಕ, ಬಾಳಿ ಬದುಕಿ ಸಾಕಾದವನು ಹೋಗಲಿ ಎಂದು. ದೇವರ ಮುಂದೆ ದೀಪ ಹಚ್ಚುವಾಗಲೂ ಅದೇ ಬೇಡಿಕೆ. ಯಾರಿಗೂ ಹೇಳಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಫೋನ್ ಬಂತು. ಅಕ್ಕವ್ವ.

"ಶೇವಂತಿ, ಹನ್ನೊಂದಕ್ಕ ನಮ್ಮ ಪಾಳಿ ಐತಿ ನೋಡು. ನಿಮ್ಮ ಗುರುಸಿದ್ದಣ್ಣನ್ನ ಕರಕೊಂಡ ಹೋಗು. ಇನ್ನ ಮ್ಯಾಲೆ ಅದು ನಿಮ್ಮ ಜಾಗ. ದವಾಖಾನಿಯವರಿಗೆ ಹೇಳೇನಿ."

"ಯಾಕ್ರಿ ಅಕ್ಕಾರ, ಅಣ್ಣಾರು ಬರೂದಿಲ್ಲೇನ್ರಿ?"

ಆ ಕಡೆ ಹೆಂಗಸರು ಅಳುವುದು ಕೇಳಿಸಿತು.

"ನಸುಕಿನ್ಯಾಗ ಹೋದ್ರು. ಹೃದಯ ನಿಂತತು ಅಂದ್ರು. ನೀ ಇಲ್ಲಿ ಬರಬ್ಯಾಡ. ಹನ್ನೊಂದ ತಪ್ಪಿಸಬ್ಯಾಡ."

ನನಗೆ ಮೊದಲು ಬಂದದ್ದು ಅಳುವಲ್ಲ. ಹನ್ನೊಂದಕ್ಕೆ ಮುಟ್ಟಬೇಕೆಂದರೆ ಯಾವ ಬಸ್ಸು ಎಂಬ ಯೋಚನೆ. ಥೂ, ನನ್ನ ಜನ್ಮಕ್ಕಿಷ್ಟು.

ಜಾಗ ಸಿಕ್ಕಿತೆಂದಷ್ಟೇ ಹೇಳಿ ಇವರನ್ನು ಎಬ್ಬಿಸಿದೆ. ಹನ್ನೊಂದಕ್ಕೆ ಸರಿಯಾಗಿ ಸೂಜಿ ಚುಚ್ಚಿದರು. ಒಂದು ತಾಸು ಕಳೆಯುವಷ್ಟರಲ್ಲಿ ಉಸಿರು ಹಗುರಾಯಿತು, ಮುಖಕ್ಕೆ ಕಳೆ ಬಂತು. ಇವರು ಅತ್ತಿತ್ತ ಕತ್ತು ಹೊರಳಿಸಿ ಉಳಿದ ಹಾಸಿಗೆಗಳನ್ನು ನೋಡಿದರು.

"ಆದಿನಾಥಣ್ಣಂದೂ ಮಂಗಳವಾರ ಅಲ್ಲೇನ? ಎಲ್ಲಿ, ಕಾಣವೊಲ್ಲ?"

"ಅವರದು ಬ್ಯಾರೆ ದಿನ ಮಾಡ್ಯಾರಂತ್ರಿ."

"ಛಲೋ ಆತು ಬಿಡು," ಎಂದರು. "ನಾವು ಅವನ ಕೂಡ ಜಾಗಕ್ಕ ಜಗಳಾಡೂದು ತಪ್ಪಿತು. ಅವಗೂ ಜಾಗ ಐತಿ, ನಮಗೂ ಸಿಕ್ತು."

ಹಾಗೆಂದು ಕಣ್ಣು ಮುಚ್ಚಿ, ಎಷ್ಟೋ ವಾರಗಳ ಮೇಲೆ ಅಂಗಾತ ಮಲಗಿ ನಿದ್ದೆ ಹೋದರು. ನಾನು ಅವರ ಕಾಲು ಹಿಡಿದುಕೊಂಡು ಕೂತೆ. ಬಾವು ಇಳಿಯುತ್ತಿತ್ತು.