ಕೆರೆಕೋಡಿ ಪಾರ್ಕಿನ ನೆಲ

ಕೆರೆಕೋಡಿ ಪಾರ್ಕಿನಲ್ಲಿ ಹೊಸ ಜಾರುಬಂಡೆ, ಉಯ್ಯಾಲೆ ಹಾಕಿದ್ದಾರೆಂದು ತಿಳಿದ ಸಂಜೆಯೇ ಶಬೀನಾ ಮಗಳು ಉಮ್ಮೆ ಹಬೀಬಾಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೊರಟಳು. ಹಬೀಬಾಳಿಗೆ ಆಗ ಎಂಟು ವರ್ಷ. ಹುಟ್ಟಿದಾಗಿನಿಂದ ಕಾಲುಗಳಲ್ಲಿ ಬಲವಿರಲಿಲ್ಲ, ತೋಳುಗಳು ಮಾತ್ರ ಗಟ್ಟಿಯಾಗಿದ್ದವು. ಗೇಟಿನಿಂದ ಒಳಕ್ಕೆ ಸಿಮೆಂಟಿನ ಕಾಲುದಾರಿ ಇದ್ದುದರಿಂದ ಕುರ್ಚಿ ಸಲೀಸಾಗಿ ಉರುಳಿತು. ಆಟದ ಜಾಗಕ್ಕೆ ಹೊಳೆಮರಳು ಸುರಿದಿದ್ದರು. ಅದಕ್ಕೆ ಇಳಿದ ಕೂಡಲೇ ಮುಂದಿನ ಚಿಕ್ಕ ಗಾಲಿಗಳು ಹೂತುಕೊಂಡು ಕುರ್ಚಿ ಮುಗ್ಗರಿಸಿತು, ಹಬೀಬಾ ಮುಖಾಡೆ ಬಿದ್ದಳು. ಗಾಯವೇನೂ ಆಗಲಿಲ್ಲ. ಬಾಯಿಗೆ ಹೋದ ಮರಳನ್ನು ಉಗುಳಿ, ಉಯ್ಯಾಲೆಯಲ್ಲಿದ್ದ ಮಕ್ಕಳ ಕಡೆ ನೋಡದೆ, "ಅಮ್ಮಿ, ಮನೆಗೆ ಹೋಗೋಣ" ಎಂದಳು.

ಶಬೀನಾ ಮನೆಯಲ್ಲೇ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ಆ ರಾತ್ರಿಯಿಡೀ ಮೆಷಿನ್ ತುಳಿಯುತ್ತಾ ಅದನ್ನೇ ಯೋಚಿಸಿದಳು. ಆದರೆ ಏನಾದರೂ ಹೇಳುವ ಮೊದಲೇ ಮಳೆ ಬಂತು. ಅಕ್ಟೋಬರಿನಲ್ಲಿ ಕೆರೆ ತುಂಬಿ ಕೋಡಿ ಬಿತ್ತು. ಪಾರ್ಕು ಕೋಡಿಯ ಕೆಳಗಿನ ತಗ್ಗಿನಲ್ಲಿದ್ದುದರಿಂದ ನೀರೆಲ್ಲ ಅದರೊಳಗಿಂದಲೇ ಹರಿಯಿತು. ನೀರು ಇಳಿದಾಗ ಮರಳಿನ ಗುರುತೂ ಉಳಿದಿರಲಿಲ್ಲ. ಜಾರುಬಂಡೆಯ ಕೆಳಗೆ ಮೊಣಕಾಲುದ್ದದ ಗುಂಡಿ, ಗುಂಡಿಯ ತುಂಬ ನಾರುವ ಕೆಸರು.

ಪಾರ್ಕನ್ನು ನೋಡಿಕೊಳ್ಳುತ್ತಿದ್ದುದು ಸುತ್ತಲಿನ ಬೀದಿಯವರ ಸಮಿತಿ. ಅದರ ಅಧ್ಯಕ್ಷರು ನಿವೃತ್ತ ಗಣಿತದ ಮೇಷ್ಟ್ರು ವೃಷಭೇಂದ್ರಪ್ಪ. ಭಾನುವಾರ ಅಲ್ಲೇ ಹೊಂಗೆಮರದ ಕೆಳಗೆ ಸಭೆ ಸೇರಿತು. ಶಬೀನಾ ಮೊದಲ ಬಾರಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು.

"ಕಾಂಕ್ರೀಟ್ ಹಾಕ್ಬುಡನ" ಎಂದರು ಮೇಷ್ಟ್ರು. "ನೀರು ಬರ್ಲಿ, ಓಗ್ಲಿ. ತೊಳುದ್ರೆ ಆಯ್ತು. ನೋಡಮ್ಮ, ನಿನ್ ಮಗಳ ಕುರ್ಚಿನೂ ಓಡ್ತದೆ."

ಶಬೀನಾ ಬಾಯಿಗೆ ಬಂದ ಒಪ್ಪಿಗೆಯನ್ನು ತಡೆದಳು. ಕುರ್ಚಿ ಓಡುವುದು ನಿಜ. ಆದರೆ ಅವಳ ಕಣ್ಣೆದುರೇ ಒಬ್ಬ ಹುಡುಗ ಜಾರುಬಂಡೆಯ ಏಣಿಯ ತುದಿಯಲ್ಲಿ ಒಂದೇ ಕೈಯಲ್ಲಿ ಜೋತಾಡುತ್ತಿದ್ದ.

"ಬೀಳೋದು ಆಟದಲ್ಲಿ ಇದ್ದಿದ್ದೇ ಮೇಷ್ಟ್ರೇ" ಎಂದಳು. "ನನ್ನ ಮಗಳಂತೂ ದಿನಾ ಬೀಳ್ತಾಳೆ. ಕುರ್ಚಿಯಿಂದ ಬೀಳ್ತಾಳೆ, ಮಂಚದಿಂದ ಬೀಳ್ತಾಳೆ. ಬಿದ್ದ ಕಡೆ ಕಾಂಕ್ರೀಟ್ ಇದ್ರೆ ತಲೆ ಉಳಿಯಲ್ಲ."

"ಮರಳೂ ಬ್ಯಾಡ, ಕಾಂಕ್ರೀಟೂ ಬ್ಯಾಡ. ಇನ್ನೇನು, ಹಾಸಿಗೆ ಹಾಸನ?" ಎಂದರು ಮೇಷ್ಟ್ರು.

ಕೂತವರು ನಕ್ಕರು. ಶಬೀನಾ ನಗಲಿಲ್ಲ. "ಹಾಸಿಗೆ ಥರದ್ದೇ ಏನಾದ್ರೂ ಇರುತ್ತೆ. ಸಂಕ್ರಾಂತಿವರೆಗೆ ಬಿಡಿ, ಹುಡುಕ್ತೀನಿ" ಎಂದಳು.

ಮೇಷ್ಟ್ರು ಕೆಟ್ಟ ಮನುಷ್ಯರಲ್ಲ. ಹೇಗೂ ಜಾಗ ಒಣಗಬೇಕಲ್ಲ ಎಂದು ಒಪ್ಪಿದರು.

ಸಭೆ ಮುಗಿದ ಮೇಲೆ ಸುಧಾಮಣಿ ಅವಳ ಜೊತೆ ಹೆಜ್ಜೆ ಹಾಕಿದಳು. ಅದೇ ಬೀದಿಯಲ್ಲಿ ಕಚೇರಿ ಇಟ್ಟುಕೊಂಡು ಮನೆಗಳ ಪ್ಲಾನ್ ಹಾಕಿಕೊಡುತ್ತಿದ್ದ ಸಿವಿಲ್ ಇಂಜಿನಿಯರ್ ಅವಳು. "ನೀವು ಕೇಳ್ತಿರೋದು ಸುಲಭದ್ದಲ್ಲ ಶಬೀನಾ" ಎಂದಳು. "ಗಾಲಿ ಓಡಬೇಕು ಅಂದ್ರೆ ನೆಲ ಬಿಗಿಯಾಗಿರಬೇಕು. ಬಿದ್ರೆ ಪೆಟ್ಟಾಗಬಾರದು ಅಂದ್ರೆ ಮೆತ್ತಗಿರಬೇಕು. ಇಷ್ಟರ ಮೇಲೆ ವರ್ಷ ವರ್ಷ ನೀರಲ್ಲಿ ಮುಳುಗಿ ಏಳಬೇಕು."

"ಸುಲಭ ಅಲ್ಲ ಅಂದ್ರಿ. ಆಗಲ್ಲ ಅನ್ನಲಿಲ್ಲ" ಎಂದಳು ಶಬೀನಾ.

ಸುಧಾಮಣಿ ಮೈಸೂರಿನ ವ್ಯಾಯಾಮಶಾಲೆಯೊಂದರಲ್ಲಿ ರಬ್ಬರಿನ ಚೌಕಗಳನ್ನು ಹಾಸಿದ್ದು ನೋಡಿದ್ದಳು. ಅಂಥವೇ ನಾಲ್ಕು ತರಿಸಿ, ಸಿಮೆಂಟ್ ಚಪ್ಪಡಿಯ ಮೇಲೆ ಅಂಟಿಸಿ, ಕೆರೆಯ ತೂಬಿನ ಕೆಳಗಿನ ಕಾಲುವೆಯಲ್ಲಿ ಇಳಿಬಿಟ್ಟರು. ಮೇಲೆ ಒಂದು ಕಲ್ಲನ್ನೂ ಹೇರಿದರು. ವಾರ ಕಳೆಯುವುದರೊಳಗೆ ಪಾರ್ಕಿನ ಮಾಲಿ ಮುದ್ದಯ್ಯ ಒಂದು ಚೌಕವನ್ನು ಕಂಕುಳಲ್ಲಿಟ್ಟುಕೊಂಡು ಶಬೀನಾಳ ಮನೆಬಾಗಿಲಿಗೆ ಬಂದ.

"ತೇಲ್ಕಂಡು ಓಯ್ತಾ ಇತ್ತು ಕಣವ್ವ. ಇಡ್ಕಂಡೆ."

ಉಳಿದ ಮೂರರ ಮೂಲೆಗಳೂ ಎದ್ದಿದ್ದವು. ಸುಧಾಮಣಿ ಅವನ್ನು ಉಗುರಿನಿಂದ ಎಬ್ಬಿಸಿ ನೋಡಿದಳು. "ಜೋಡಣೆ ಇದ್ದ ಕಡೆಯೆಲ್ಲ ನೀರು ನುಗ್ಗಿದೆ. ಜೋಡಣೆಯೇ ಇಲ್ಲದ ಹಾಗೆ, ದೋಸೆ ಹುಯ್ದ ಹಾಗೆ ರಬ್ಬರನ್ನೇ ಹುಯ್ಯಬೇಕು. ದೊಡ್ಡ ಊರುಗಳ ಓಟದ ಟ್ರ್ಯಾಕ್‌ಗೆ ಹಾಗೇ ಮಾಡ್ತಾರೆ. ರಬ್ಬರಿನ ಪುಡಿ ಬೇಕು, ರಾಶಿಗಟ್ಟಲೆ."

ರಾಶಿ ಎಂದಾಗ ಶಬೀನಾಳಿಗೆ ಸೋದರಮಾವ ಮಕ್ಸೂದ್ ನೆನಪಾದ. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಗೆ ಅವನ ಟೈರ್ ರೀಸೋಲ್ ಅಂಗಡಿ. ಸವೆದ ಲಾರಿ ಟೈರುಗಳ ಮೇಲ್ಮೈ ಹೆರೆದು ಹೊಸ ಪಟ್ಟಿ ಕೂರಿಸುವುದು ಅವನ ಕೆಲಸ. ಮರುದಿನವೇ ಇಬ್ಬರೂ ಬಸ್ಸು ಹತ್ತಿದರು.

ಬಂಡೀಪುರದ ಗೇಟು ರಾತ್ರಿಗೆ ಮುಚ್ಚುವ ಮೊದಲು ಕಾಡು ದಾಟಿಬಿಡಬೇಕೆಂದು ಲಾರಿಗಳು ಅವಸರದಲ್ಲಿದ್ದವು. ಕೇರಳದ ಡ್ರೈವರೊಬ್ಬನಿಗೆ ಟೈರು ಒಪ್ಪಿಸುತ್ತಿದ್ದ ಮಕ್ಸೂದ್, ಅವನನ್ನು ಕಳಿಸಿ ಇವರನ್ನು ಅಂಗಡಿಯ ಹಿಂದಕ್ಕೆ ಕರೆದೊಯ್ದ. ಗೋಡೆಯೆತ್ತರಕ್ಕೆ ಟೈರು ಹೆರೆದಾಗ ಉದುರಿದ ಕಪ್ಪು ಹೆರೆ ಬಿದ್ದಿತ್ತು, ತುರಿದ ಕೊಬ್ಬರಿಯಂತೆ ಎಳೆಎಳೆಯಾಗಿ.

"ಮಾಮೂ, ಇದು ನನಗೆ ಬೇಕು."

"ಸುಟ್ರೆ ಹೊಗೆ, ಇಟ್ಕೊಂಡ್ರೆ ಇಲಿ. ಎಷ್ಟು ಬೇಕೋ ತಗೊಂಡು ಹೋಗು ಬೇಟಿ. ಆದ್ರೆ ಇದು ಮಕ್ಕಳು ಆಡೋ ವಸ್ತು ಅಲ್ಲ" ಎಂದ ಮಕ್ಸೂದ್. ಸುಧಾಮಣಿ ಬಗ್ಗಿ ಒಂದು ಹಿಡಿ ತೆಗೆದು ಹಿಂಡಿದಳು. ಬಿಟ್ಟ ಕೂಡಲೇ ಅದು ಅರಳಿತು.

ಟ್ರ್ಯಾಕ್ ಹಾಕುವವರು ಬಳಸುವ ಅಂಟನ್ನು ಬೆಂಗಳೂರಿನಿಂದ ತರಿಸಿದರು. ಮೊದಲ ಕಲಸಾಟ ಮಕ್ಸೂದನ ಅಂಗಡಿಯ ಹಿತ್ತಲಲ್ಲಿ, ನವೆಂಬರಿನ ಒಂದು ಜಿನುಗು ಬೆಳಗ್ಗೆ. ಹಲಗೆಯ ಚೌಕಟ್ಟಿನಲ್ಲಿ ಸುರಿದು ಕರಣೆಯಿಂದ ಒತ್ತಿದರು. ಮಧ್ಯಾಹ್ನದ ಹೊತ್ತಿಗೆ ಅದು ಹುಳಿ ಬಂದ ಇಡ್ಲಿ ಹಿಟ್ಟಿನ ಹಾಗೆ ಉಬ್ಬಿತು. ಒಣಗಿದ ಮೇಲೆ ಬೆರಳಲ್ಲಿ ಚಿವುಟಿದರೆ ಪುಡಿಯಾಗಿ ಉದುರಿತು.

ಸುಧಾಮಣಿ ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟಳು. "ನಾನು ಇದನ್ನ ಯಾವತ್ತೂ ಮಾಡಿದವಳಲ್ಲ. ಮೇಷ್ಟ್ರು ಹೇಳಿದ ಹಾಗೆ ಕಾಂಕ್ರೀಟ್ ಹಾಕಿ, ಜಾರುಬಂಡೆ ಕೆಳಗೆ ಮಾತ್ರ ಏನಾದ್ರೂ ಮೆತ್ತಗಿನದು ಹಾಕೋಣವಾ?"

"ಯಾಕೆ ಉಬ್ಬಿತು ಅಂತ ಗೊತ್ತಾ ಮೇಡಂ?"

"ತೇವ. ಒಣಗೋ ಮುಂಚೆ ನೀರು ಬಿದ್ರೆ ಆ ಅಂಟಿಗೆ ಹಂಗೇ ನೊರೆ ಬರುತ್ತೆ."

"ಗೊತ್ತಿದೆಯಲ್ಲ, ಮತ್ತೆ? ಬಿಸಿಲು ಬರಲಿ, ಇನ್ನೊಂದ್ಸಲ ಕಲಸೋಣ."

ಡಿಸೆಂಬರಿನ ಒಣಬಿಸಿಲಲ್ಲಿ ಮತ್ತೆ ಕಲಸಿದರು. ಈ ಸಲ ಅಡಿಪಾಯವನ್ನೂ ಸುಧಾಮಣಿ ಬದಲಿಸಿದ್ದಳು. ಮರಳು ಸೇರಿಸದೆ ಬರೀ ಜಲ್ಲಿ, ಸಿಮೆಂಟು ಬೆರೆಸಿದ ಕಾಂಕ್ರೀಟು. ಅದರ ಸಂದುಗಳಿಂದ ನೀರು ಕೆಳಗಿಳಿದು ಹೋಗುವಂತಿತ್ತು. ಅದರ ಮೇಲೆ ಮೂರು ಬೆರಳು ದಪ್ಪ ರಬ್ಬರು. ಗಟ್ಟಿಯಾದ ತುಂಡನ್ನು ಗೂಡ್ಸ್ ಆಟೋದಲ್ಲಿ ತಂದು, ಅದೇ ಕಾಲುವೆಯಲ್ಲಿ, ನೀರು ಧುಮುಕುವ ಕಡೆಯೇ ಇಳಿಬಿಟ್ಟರು. ಶಬೀನಾ ದಿನಾ ಹೊಲಿಗೆ ಮುಗಿಸಿ ಹೋಗಿ ನೋಡಿ ಬರುತ್ತಿದ್ದಳು.

ಸಂಕ್ರಾಂತಿ ಕಳೆದ ಭಾನುವಾರ ಸಮಿತಿ ಸೇರಿತು. ಜಾರುಬಂಡೆಯ ಏಣಿಯ ಬುಡದಲ್ಲಿ ಒಂದು ಕಡೆ ಸಿಮೆಂಟ್ ಚಪ್ಪಡಿ, ಪಕ್ಕದಲ್ಲೇ ಕಾಲುವೆಯಿಂದೆತ್ತಿದ ರಬ್ಬರಿನ ತುಂಡು ಇಟ್ಟಿದ್ದರು. ಶಬೀನಾ ಸಂತೆಮರಹಳ್ಳಿ ಸಂತೆಯಿಂದ ತಂದ ಚೀಲ ಬಿಚ್ಚಿದಳು. ಅದರಲ್ಲಿದ್ದದ್ದು ಕುಂಬಳಕಾಯಿಗಳು, ಮಗುವಿನ ತಲೆಗಾತ್ರದವನ್ನೇ ಆರಿಸಿ ತಂದಿದ್ದಳು.

"ಮೇಷ್ಟ್ರೇ, ನೀವೇ ಮೇಲಿಂದ ಬಿಡಿ. ನಾವು ಬಿಟ್ರೆ ನಂಬಿಕೆ ಬರಲ್ಲ."

ವೃಷಭೇಂದ್ರಪ್ಪ ಪಂಚೆ ಮೇಲೆತ್ತಿ ಕಟ್ಟಿ ಏಣಿ ಹತ್ತಿದರು. ಆಡುತ್ತಿದ್ದ ಮಕ್ಕಳೆಲ್ಲ ಆಟ ಬಿಟ್ಟು ಬಂದು ಸುತ್ತ ನಿಂತವು. ಮೊದಲ ಕಾಯಿ ಚಪ್ಪಡಿಯ ಮೇಲೆ ಬಿದ್ದು ಎರಡು ಹೋಳಾಯಿತು. ಬೀಜ, ತಿರುಳು ಮುಂದೆ ಕೂತಿದ್ದವರ ಕಾಲಿನವರೆಗೆ ಚೆಲ್ಲಿದವು. ಎರಡನೆಯದು ರಬ್ಬರಿನ ಮೇಲೆ ಧಪ್ಪೆಂದು ಬಿದ್ದು, ಸ್ವಲ್ಪ ಪುಟಿದು, ಹುಲ್ಲಿನ ಮೇಲೆ ಉರುಳಿ ನಿಂತಿತು. ಮುದ್ದಯ್ಯ ಅದನ್ನೆತ್ತಿ ತಿರುಗಿಸಿ ನೋಡಿದ.

"ಬಿರುಕೇ ಬುಟ್ಟಿಲ್ಲ."

"ಇನ್ನೊಂದು ಕೊಡು" ಎಂದರು ಮೇಷ್ಟ್ರು. ಅದೂ ಒಡೆಯಲಿಲ್ಲ. ಅವರು ನಿಧಾನವಾಗಿ ಇಳಿದು ಬಂದು ಚಪ್ಪಡಿಯ ಮೇಲೆ ಚೆಲ್ಲಿದ್ದ ತಿರುಳನ್ನು ತುಸು ಹೊತ್ತು ನೋಡಿದರು. ಆಮೇಲೆ ರಬ್ಬರಿನ ಅಂಚಿಗೆ ಬೆರಳು ಹಾಕಿ ಎರಡೂ ಕೈಯಿಂದ ಎಳೆದರು. ಅದು ಏಳಲಿಲ್ಲ.

"ನನ್ ಮೊಮ್ಮಗ ಇದರ ತುದಿಯಿಂದ್ಲೇ ಜಿಗೀತಾನೆ ಕಣಮ್ಮ" ಎಂದರು ತಗ್ಗಿದ ದನಿಯಲ್ಲಿ. "ಇದ್ನೇ ಹಾಕನ."

ಕೆಲಸ ಬೇಸಿಗೆಯ ಆರಂಭದಲ್ಲಿ ನಡೆಯಿತು. ನೆಲ ಅಗೆದು ದಪ್ಪಗಲ್ಲು ತುಂಬಿ, ಅಡಿಯಲ್ಲಿ ಕಾಲುವೆಗೆ ಪೈಪು ಕೊಟ್ಟು, ಜಲ್ಲಿ ಕಾಂಕ್ರೀಟು ಹಾಕಿದರು. ಮುದ್ದಯ್ಯ ಅದರ ಮೇಲೆ ಒಂದು ಬಿಂದಿಗೆ ನೀರು ಸುರಿದು, ನೀರು ಇಂಗಿ ಮಾಯವಾದದ್ದು ನಂಬದೆ ಇನ್ನೊಂದು ಬಿಂದಿಗೆ ತಂದ. ಮಕ್ಸೂದ್ ತನ್ನಿಬ್ಬರು ಕೆಲಸಗಾರರೊಂದಿಗೆ ಬಂದು ರಬ್ಬರು ಕಲಸಿದ. ಸುತ್ತ ಕಟ್ಟಿದ ಸಿಮೆಂಟ್ ಅಂಚಿನೊಳಗೆ ತೋಡು ಬಿಟ್ಟು, ರಬ್ಬರನ್ನು ಅದರೊಳಕ್ಕೆ ಒತ್ತಿ ತುಂಬಿದರು.

ಎಲ್ಲ ಆರಿದ ಮೇಲೆ ಶಬೀನಾ ಖಾಲಿ ಗಾಲಿಕುರ್ಚಿ ತಂದು ಕಾಲುದಾರಿಯಿಂದ ರಬ್ಬರಿಗೂ ರಬ್ಬರಿನಿಂದ ಕಾಲುದಾರಿಗೂ ಮತ್ತೆ ಮತ್ತೆ ತಳ್ಳಿದಳು. ಒಂದು ಕಡೆ ಮುಂದಿನ ಗಾಲಿ ತುಸು ತಡವರಿಸಿತು.

"ಇಲ್ಲಿ ಏಣು ಇದೆ ಮಾಮೂ."

"ಒಂದು ಎಳೆಯಷ್ಟು. ಯಾರಿಗೆ ಗೊತ್ತಾಗುತ್ತೆ?"

"ಹಬೀಬಾಗೆ ಗೊತ್ತಾಗುತ್ತೆ."

ಮಕ್ಸೂದ್ ಗೊಣಗುತ್ತಲೇ ಆ ಅಂಚನ್ನು ಕತ್ತರಿಸಿ ಮತ್ತೆ ಹಾಕಿದ.

ಸಂಜೆ ಹಬೀಬಾಳನ್ನು ಕರೆತಂದರು. ಗಾಲಿಗಳು ದಾರಿಯಿಂದ ಆಟದ ಜಾಗಕ್ಕೆ ಸದ್ದಿಲ್ಲದೆ ದಾಟಿದವು. ಅವಳು ಒಂದು ಸುತ್ತು ಹೊಡೆದಳು, ಇನ್ನೊಂದು ಹೊಡೆದಳು. ಆಮೇಲೆ ಯಾರನ್ನೂ ಕೇಳದೆ ಬೆಲ್ಟು ಬಿಚ್ಚಿ ನೆಲಕ್ಕೆ ಜಾರಿದಳು. ಅಂಗೈ ಊರಿಕೊಂಡು, ತೋಳಿನ ಬಲದಿಂದಲೇ ಮೈಯನ್ನು ಎಳೆಯುತ್ತಾ ಏಣಿಯ ಕಡೆ ಹೊರಟಳು.

ಇದು ಶಬೀನಾಳ ಎಣಿಕೆಯಲ್ಲಿರಲಿಲ್ಲ. ಅವಳು ನೆಲ ಕೇಳಿದ್ದು ಗಾಲಿ ಓಡಲೆಂದು, ಮಗಳು ಏಣಿ ಹತ್ತಲೆಂದಲ್ಲ. ಎತ್ತಿಕೊಳ್ಳಲು ಮುಂದಾದವಳ ತೋಳನ್ನು ಸುಧಾಮಣಿ ಹಿಡಿದಳು. ಹಬೀಬಾ ಏಣಿಯ ಮೊದಲ ಮೆಟ್ಟಿಲಿಗೆ ಕೈ ಹಾಕಿ, ಎದೆಯವರೆಗೆ ಮೇಲೇರಿ, ಕೈ ಸೋತು ಪಕ್ಕಕ್ಕೆ ಬಿದ್ದಳು. ಹುಡುಗಿ ಎದ್ದು ಕೂತು, ನೆಲವನ್ನು ಅಂಗೈಯಿಂದ ಎರಡು ಸಲ ತಟ್ಟಿ ನೋಡಿ, ಮತ್ತೆ ಏಣಿಗೆ ಕೈ ಹಾಕಿದಳು.

ಏಪ್ರಿಲ್ ಬಂದಾಗ ಇನ್ನೊಂದು ತೊಂದರೆ ಕಂಡಿತು. ಕಪ್ಪು ರಬ್ಬರು ಮಧ್ಯಾಹ್ನ ಹಂಚಿನಂತೆ ಕಾಯುತ್ತಿತ್ತು. ಹಬೀಬಾಳ ಅಂಗೈ ಕೆಂಪಾದ ದಿನವೇ ಶಬೀನಾ ಮೇಷ್ಟ್ರ ಮನೆಗೆ ಹೋದಳು. ಈ ಬಾರಿ ಅವರು ವಾದಿಸಲಿಲ್ಲ. ಸದ್ಯಕ್ಕೆ ಶಾಮಿಯಾನದ ಬಟ್ಟೆ ಕಟ್ಟಿಸಿ, ಪಶ್ಚಿಮದ ಅಂಚಿನುದ್ದಕ್ಕೂ ಹೊಂಗೆಸಸಿ ನೆಡಿಸಿದರು.

ಮುಂದಿನ ಮಳೆಗಾಲದಲ್ಲಿ ಕೆರೆ ಮತ್ತೆ ಕೋಡಿ ಬಿತ್ತು. ಉಯ್ಯಾಲೆಯ ಹಲಗೆ ಮುಟ್ಟುವವರೆಗೆ ನೀರು ನಿಂತಿತು. ಇಳಿದ ಬೆಳಗ್ಗೆ ಶಬೀನಾ ಪೊರಕೆ ಹಿಡಿದು ಹೋದಾಗ ಮೇಷ್ಟ್ರು, ಸುಧಾಮಣಿ, ಮುದ್ದಯ್ಯ ಆಗಲೇ ಬಂದಿದ್ದರು. ಎಲ್ಲೆಲ್ಲೂ ಪಾದ ಹೂತುಹೋಗುವಷ್ಟು ಗೋಡುಮಣ್ಣು. ಎಲ್ಲರೂ ಒಂದು ತುದಿಯಿಂದ ಗುಡಿಸುತ್ತಾ, ಪೈಪಿನಿಂದ ನೀರು ಹೊಡೆಯುತ್ತಾ ಬಂದರು. ಗೋಡು ಸರಿದಂತೆಲ್ಲ ಕಪ್ಪು ನೆಲ ಅಖಂಡವಾಗಿ ಹೊರಬಂತು. ಗೇಟಿನ ಬಳಿಯ ಮೂಲೆಯಲ್ಲಿ ಮಾತ್ರ ಯಾವುದೋ ಮರದ ದಿಮ್ಮಿ ಬಡಿದು ಅಂಗೈಯಗಲ ಕಿತ್ತುಹೋಗಿತ್ತು.

ಮೇಷ್ಟ್ರ ಮುಖ ಸಣ್ಣದಾಯಿತು. ಸುಧಾಮಣಿ ಬಗ್ಗಿ ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಳು. "ಇಷ್ಟೇ. ನಾಲ್ಕು ದಿನ ಬಿಸಿಲು ಬಿದ್ರೆ ತೇಪೆ ಹಾಕಬಹುದು."

ಬಿಸಿಲು ಬಿದ್ದ ವಾರ ಶಬೀನಾ ಗುಂಡ್ಲುಪೇಟೆಯಿಂದ ಒಂದು ಚೀಲ ಹೆರೆ ತಂದು, ತಾನೇ ಅಂಟು ಬೆರೆಸಿ, ಕಿತ್ತ ಜಾಗಕ್ಕೆ ತುಂಬಿ ಕರಣೆಯಿಂದ ಒತ್ತಿದಳು. ಅದು ಆರುವವರೆಗೆ ಆ ಮೂಲೆಗೆ ಯಾರೂ ಬರಬಾರದೆಂದು ಹಗ್ಗ ಕಟ್ಟಿದಳು. ಅಷ್ಟರಲ್ಲಿ ಹಬೀಬಾ ಅತ್ತ ಕಡೆಯಿಂದ ಏಣಿಯ ಮೂರನೇ ಮೆಟ್ಟಿಲು ತಲುಪಿ, ಹಿಂದಿದ್ದ ಹುಡುಗನಿಗೆ ತಳ್ಳಬೇಡ ಎಂದು ಗದರುತ್ತಿದ್ದಳು.