ಗೊರ್ದುರಾ ಹುಲ್ಲಿನ ವಾಸನೆ ಬಾರದ ಬಯಲು

ಗೊರ್ದುರಾ ಹುಲ್ಲಿಗೆ ಬಿಸಿಲು ಬಿದ್ದರೆ ಹಳೆಯ ಬೆಲ್ಲದಂಥ ವಾಸನೆ ಏಳುತ್ತದೆ. ನಾನು ಚಿಕ್ಕವಳಿದ್ದಾಗ ಹಸು ಹೊಡೆದುಕೊಂಡು ಇಬಿತುರುನಾ ಬೆಟ್ಟ ಹತ್ತುತ್ತಿದ್ದೆ. ಕೆಳಗಿನ ಹುಲ್ಲಿನ ವಾಸನೆ ಒಮ್ಮೆಲೇ ಮುಖಕ್ಕೆ ಬಡಿದರೆ ಅಪ್ಪ ತಲೆಯೆತ್ತಿ ಹದ್ದುಗಳನ್ನು ಹುಡುಕುತ್ತಿದ್ದ. ಅವು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುತ್ತಿದ್ದವು. ನೆಲದ ಬಿಸಿ ವಾಸನೆಯನ್ನೂ ಹದ್ದನ್ನೂ ಒಟ್ಟಿಗೇ ಎತ್ತಿಕೊಂಡು ಹೋಗುತ್ತದೆ ಎಂದು ಮುಂದೆ ಕಾಲೇಜಿನಲ್ಲಿ ಭೂಗೋಳ ಓದುವಾಗ ಕಲಿತೆ. ಮೂಗಿಗೆ ಅದು ಮೊದಲೇ ಗೊತ್ತಿತ್ತು.

ಈಗ ಅದೇ ಬೆಟ್ಟದ ನೆತ್ತಿಯಿಂದ ನನ್ನ ಮೊಮ್ಮಗಳು ತೈನಾ ಹಾರುತ್ತಾಳೆ. ಎಂಜಿನ್ನಿಲ್ಲದ ದೊಡ್ಡ ತ್ರಿಕೋನದ ರೆಕ್ಕೆ, ಅದರ ಕೆಳಗೆ ಹೊಟ್ಟೆ ಕೆಳಗಾಗಿ ತೂಗುಬಿದ್ದ ಹುಡುಗಿ. ಒಂದು ಏರುಗಾಳಿಯಲ್ಲಿ ಸುತ್ತಿ ಎತ್ತರ ಗಳಿಸಬೇಕು, ಆ ಎತ್ತರವನ್ನು ಖರ್ಚುಮಾಡಿ ಮುಂದಿನ ಏರುಗಾಳಿ ಮುಟ್ಟಬೇಕು, ಹಾಗೆಯೇ ಊರೂರು ದಾಟಬೇಕು. ಅವಳು ಎಲ್ಲಿ ಇಳಿದರೂ ಅಲ್ಲಿಗೆ ಗಾಡಿ ಓಡಿಸಿ, ಊಟ ಕೊಟ್ಟು, ಮನೆಗೆ ಕರೆತರುವುದು ನನ್ನ ಕೆಲಸ.

ಅಂದು ಪಂದ್ಯದ ಕೊನೆಯ ದಿನ. ದೇಶದ ತಂಡದಲ್ಲಿ ಹೆಂಗಸರಿಗೆ ಉಳಿದಿದ್ದದ್ದು ಒಂದೇ ಜಾಗ. ಅದಕ್ಕೆ ಇಬ್ಬರು: ಅಂಕದಲ್ಲಿ ಕೂದಲೆಳೆಯಷ್ಟು ಮುಂದಿದ್ದ ತೈನಾ, ಮತ್ತು ಕರಾವಳಿ ಕಡೆಯ ದಲ್ವಾ.

ದಲ್ವಾ ಇಡೀ ವಾರ ತೈನಾಳ ಹಿಂದೆಯೇ ಹಾರಿದ್ದಳು. ತೈನಾ ಗಾಳಿ ಹುಡುಕುವುದು, ದಲ್ವಾ ಬಂದು ಅದರಲ್ಲೇ ಏರುವುದು. ನಿಯಮದಲ್ಲಿ ತಪ್ಪಿಲ್ಲ. ಮುಂದೆ ಹೋಗುವವರೇ ಕಷ್ಟಪಡಬೇಕು, ಹಿಂದಿನವರು ನೋಡಿಕೊಂಡು ಬರಬಹುದು. ಆದರೂ ತೈನಾಳ ಹೊಟ್ಟೆ ಉರಿಯುತ್ತಿತ್ತು.

"ಹಸುವಿಗೆ ಉಣುಗು ಹತ್ತಿದ ಹಾಗೆ ಹತ್ಕೊಂಡಿದಾಳೆ ಅಜ್ಜಿ," ಬೆಟ್ಟದ ಮೇಲೆ ರೆಕ್ಕೆ ಜೋಡಿಸುತ್ತ ಅಂದಳು. "ಗಾಡಿ ಓಡಿಸ್ತಾನಲ್ಲ ಆ ಮುದುಕ, ಅವನು ನಮ್ಮ ರೇಡಿಯೋ ಕದ್ದು ಕೇಳ್ತಾನೆ. ಇಲ್ದಿದ್ರೆ ದಿನಾ ನಿನ್ನ ಗಾಡಿ ಹಿಂದೇನೇ ಹೇಗೆ ಬರ್ತಾನೆ?"

ಅದು ನನಗೂ ಅನ್ನಿಸಿತ್ತು. ದಲ್ವಾಳ ಗಾಡಿಯವನು ಒನೋಫ್ರೆ. ನಾನು ನಿಂತರೆ ಸ್ವಲ್ಪ ಹಿಂದೆ ನಿಲ್ಲುತ್ತಿದ್ದ, ನಾನು ಹೊರಟರೆ ಹೊರಡುತ್ತಿದ್ದ. ನಾನು ತೆರೆದು ಬಂದ ಹೊಲದ ಗೇಟುಗಳನ್ನೆಲ್ಲ ಇಳಿದು ಮುಚ್ಚುತ್ತಿದ್ದ, ಗೇಟಿನ ತಂತಿಯನ್ನು ಹೊಲದ ಒಡೆಯ ಸುತ್ತಿದ್ದಂತೆಯೇ ಸುತ್ತುತ್ತಿದ್ದ. ಒಳ್ಳೆಯವನೇನೋ ಅನ್ನಿಸುವಷ್ಟರಲ್ಲಿ, ನಾನು ಯಾವ ದಾರಿ ಹಿಡಿದೆ ಎಂದು ನೋಡಲು ಸಮಯ ಕಳೆಯುತ್ತಿರಬಹುದೇ ಅಂತಲೂ ಅನ್ನಿಸುತ್ತಿತ್ತು.

ಬೆಳಗಿನ ಸಭೆಯಲ್ಲಿ ಪಂದ್ಯದ ಮುಖ್ಯಸ್ಥ ದಿನದ ದಾರಿ ಹೇಳಿದ. ಕೊನೆಗೆ ಎಂದಿನಂತೆ ಆ ನಿಯಮ ಓದಿದ: ಆಪತ್ತಿನಲ್ಲಿರುವವರ ನೆರವಿಗೆ ಹೋದವರು ಕಳೆದುಕೊಂಡ ಅಂಕವನ್ನು ಸರಿಮಾಡಿ ಕೊಡಲಾಗುತ್ತದೆ. ಎಂದಿನಂತೆ ಯಾರೂ ಕಿವಿಗೊಡಲಿಲ್ಲ.

ತೈನಾ ಹಾರಲು ನಿಂತಾಗ ಗಾಳಿ ಅಡ್ಡಾದಿಡ್ಡಿ ಬೀಸುತ್ತಿತ್ತು. ರೆಕ್ಕೆ ಮಗುಚದಂತೆ ಅದರ ಮುಂದಿನ ತಂತಿ ಹಿಡಿಯಲು ಯಾರಾದರೂ ಬೇಕಿತ್ತು. ದಲ್ವಾ ತನ್ನ ರೆಕ್ಕೆ ಬಿಟ್ಟು ಬಂದು ಹಿಡಿದಳು.

"ಬೇಡ, ನಮ್ಮಜ್ಜಿ ಹಿಡೀತಾಳೆ," ಅಂದಳು ತೈನಾ.

"ನಿಮ್ಮಜ್ಜಿನೂ ಸೇರಿ ಹಾರಿಹೋಗ್ತಾರೆ, ಸುಮ್ನಿರು ಮಾರಾಯ್ತಿ," ಅಂತ ದಲ್ವಾ ನಕ್ಕಳು.

ತೈನಾ ನಗಲಿಲ್ಲ. ತಂತಿ ಬಿಡುವ ಮೊದಲು ದಲ್ವಾ ಅವಳ ಪಟ್ಟಿ, ಕೊಕ್ಕೆಗಳ ಮೇಲೆ ಕಣ್ಣಾಡಿಸಿದಳು. ಹಾರುವ ಯಾರಾದರೂ ಮಾಡುವುದೇ ಅದು. ಆದರೆ ಅಂದು ನಮಗೆ ಅದೂ ಕಳ್ಳನೋಟದಂತೆ ಕಂಡಿತು.

ಮಧ್ಯಾಹ್ನದವರೆಗೆ ನಾನು ದೋಸಿ ನದಿಯ ಪಕ್ಕದ ಮಣ್ಣುರಸ್ತೆಯಲ್ಲಿ ಗಾಡಿ ಓಡಿಸಿದೆ. ಕನ್ನಡಿಯಲ್ಲಿ ಒನೋಫ್ರೆಯ ಗಾಡಿಯ ಧೂಳು ತಪ್ಪಲಿಲ್ಲ. ಮೇಲೆ ಎರಡು ರೆಕ್ಕೆಗಳು, ಒಂದು ಮುಂದೆ, ಒಂದು ಹಿಂದೆ.

ರೇಡಿಯೋದಲ್ಲಿ ತೈನಾಳ ದನಿ ಬಂತು. "ಅಜ್ಜಿ, ಇವತ್ತು ಈ ಉಣುಗು ಕೀಳ್ತೀನಿ. ಕೆಳಗೆ ದೊಡ್ಡ ಹುಲ್ಲುಗಾವಲು ಇದೆಯಲ್ಲ, ಅಲ್ಲಿ ಸುಮ್‌ಸುಮ್ನೆ ಸುತ್ತುತ್ತೀನಿ. ಗಾಳಿ ಸಿಕ್ತು ಅಂತ ಓಡಿ ಬರ್ತಾಳೆ. ಅವಳು ಕೆಳಗಿಳಿದ ಕೂಡ್ಲೆ ನಾನು ಕಲ್ಲುಕ್ವಾರಿ ಗುಡ್ಡಕ್ಕೆ ಹಾರ್ತೀನಿ. ಅವಳು ಹಸುಗಳ ಜೊತೆ ಕೂತಿರ್ಲಿ."

"ನಿನ್ನ ಎತ್ತರ ಸಾಕಾಗುತ್ತೇನೇ?"

"ಸಾಕಾಗತ್ತೆ."

ಗಾಡಿ ನಿಲ್ಲಿಸಿ ಇಳಿದೆ. ನೀರು ನಿಂತಿದ್ದ ತಣ್ಣನೆಯ ಹುಲ್ಲುಗಾವಲು. ಮೂಗೆಳೆದು ನೋಡಿದೆ. ಸಗಣಿಯ ವಾಸನೆ ಬಿಟ್ಟರೆ ಏನಿಲ್ಲ. ಆಚೆ ಕ್ವಾರಿ ಗುಡ್ಡದ ಮೇಲೆ ಮಾತ್ರ ಹದ್ದುಗಳು ಗುಂಪಾಗಿ ಏರುತ್ತಿದ್ದವು. ತೈನಾ ಹುಲ್ಲುಗಾವಲಿನ ಮೇಲೆ ಸುತ್ತತೊಡಗಿದಳು. ಸುತ್ತಿಗೊಂದು ಮೆಟ್ಟಿಲು ಇಳಿದಂತೆ ಇಳಿಯುತ್ತಿದ್ದಳು.

ದಲ್ವಾ ಬಂದಳು, ತುಂಬ ಮೇಲೆ. ನೇರ ಹೋಗಿದ್ದರೆ ಹದ್ದುಗಳ ಗುಂಪು ಸಿಗುತ್ತಿತ್ತು. ರೆಕ್ಕೆಯ ಮೂತಿ ಅತ್ತಲೇ ಇತ್ತು. ಒಂದು ಗಳಿಗೆ ಹಾಗೆಯೇ ತೇಲಿದಳು. ಆಮೇಲೆ ರೆಕ್ಕೆ ವಾಲಿಸಿ, ಕಡಿದಾದ ಸುತ್ತುಗಳಲ್ಲಿ ತೈನಾಳ ಕಡೆಗೆ ಸುರುಳಿ ಸುರುಳಿಯಾಗಿ ಇಳಿದಳು. ಗಾಳಿ ಹುಡುಕಿ ಬರುವವರು ಹಾಗೆ ಬರುವುದಿಲ್ಲ. ಇದ್ದ ಎತ್ತರವನ್ನೆಲ್ಲ ಚೆಲ್ಲಿ ಬಂದಳು. ತೈನಾಳ ಪಕ್ಕಕ್ಕೆ ಬಂದು ಏನೋ ಕೂಗುತ್ತ ಜೊತೆಯಲ್ಲೇ ಸುತ್ತಿದಳು.

"ಮೇಲೆ ಬೀಳ್ತಿದಾಳೆ ಅಜ್ಜಿ! ದಾರಿ ಬಿಡ್ತಿಲ್ಲ!" ತೈನಾ ರೇಡಿಯೋದಲ್ಲಿ ಕಿರುಚಿದಳು.

ತೈನಾ ಕೊನೆಗೂ ಗುಡ್ಡದತ್ತ ತಿರುಗಿದಾಗ ಎತ್ತರ ಉಳಿದಿರಲಿಲ್ಲ. ಬೇಲಿಯವರೆಗೆ ಹೋಗಿ ಹಿಂದೆ ಬಂದಳು. ಇಬ್ಬರೂ ಒಂದೇ ಹುಲ್ಲುಗಾವಲಿನಲ್ಲಿ ಇಳಿದರು. ಇಳಿದದ್ದು ಒಂದೇ ಕಡೆ ಎಂದಮೇಲೆ ಅಂಕದಲ್ಲಿ ಮುಂದಿದ್ದವಳು ಮುಂದೆಯೇ ಉಳಿದಳು. ಜಾಗ ತೈನಾಳದು.

ನಾನು ಗೇಟು ತೆರೆದು ಓಡುವಷ್ಟರಲ್ಲಿ ದಲ್ವಾ ಕೊಕ್ಕೆ ಬಿಚ್ಚಿ, ಹಾರುವಾಗ ಮೈಗೆ ತೊಡುವ, ಕಾಲಿಗೆ ತೊಡರುವ ಚೀಲವನ್ನು ಎಳೆದುಕೊಂಡೇ ತೈನಾಳ ಹತ್ತಿರ ಬಂದಿದ್ದಳು.

"ಏನಾಯ್ತು ನಿಂಗೆ? ತಲೆ ಸುತ್ತು ಬಂತಾ? ಕೈ ನೋವಾ?"

"ಏನಾಗಿಲ್ಲ."

"ಏನಾಗಿಲ್ಲ ಅಂದ್ರೆ? ಏರದ ಗಾಳೀಲಿ ಒಂದೇ ಸಮ ಸುತ್ತುತ್ತಾ ಇದ್ದೆ! ಪ್ರಜ್ಞೆ ತಪ್ಪಿದೆ ಅಂದ್ಕೊಂಡೆ."

"ನನಗೆ ಗಾಳಿ ಸಿಕ್ಕಿದೆ ಅಂದ್ಕೊಂಡು ಬಂದೆ ಅಲ್ವಾ ನೀನು?" ತೈನಾಳ ದನಿಯಲ್ಲಿ ಇನ್ನೂ ಮುಳ್ಳಿತ್ತು.

"ಅಲ್ಲಿ ಒಂದು ಹದ್ದಾದ್ರೂ ಇತ್ತಾ?" ದಲ್ವಾ ಶಿರಸ್ತ್ರಾಣ ತೆಗೆದಳು, ಕೂದಲು ಬೆವರಿಗೆ ಅಂಟಿತ್ತು. "ಗಾಳಿ ಏರಿದ್ರೆ ಕೂಗೋ ನನ್ನ ಯಂತ್ರ ಮೊದಲ ದಿನವೇ ಮೂಕಾಗಿ ಹೋಯ್ತು. ವಾರ ಪೂರ್ತಿ ನಿನ್ನ ನೋಡ್ಕೊಂಡೇ ಹಾರಿದೀನಿ. ನೀನು ಹೇಗೆ ಸುತ್ತುತ್ತೀಯ ಅಂತ ನಂಗೆ ಗೊತ್ತಾಗಲ್ವಾ? ಅಂಥ ದಡ್ಡ ತಪ್ಪು ಮಾಡೋಳಲ್ಲ ನೀನು. ಅದಕ್ಕೇ ಹೆದರಿದೆ."

ಅಷ್ಟರಲ್ಲಿ ಒನೋಫ್ರೆ ಗೇಟು ಮುಚ್ಚಿ, ತಂತಿ ಸುತ್ತಿ ಬಂದ. "ಇಬ್ರೂ ಆರಾಮಾ? ದೇವರು ದೊಡ್ಡವನು." ನನ್ನತ್ತ ತಿರುಗಿ ಮರ್ಯಾದೆಯಿಂದ ಅಂದ, "ದೋನಾ ಎಲ್ಜೀರಾ, ನಿಮ್ಮ ಬಾಲ ಆಗಿದೀನಿ ಅಂತ ಬೇಜಾರಾಗ್ಬೇಡಿ. ನನ್ನ ರೇಡಿಯೋ ಆಂಟೆನಾನ ಆಡು ಮುರಿದುಹಾಕಿದೆ. ನಿಮ್ಮ ಹುಡುಗಿ ಎಲ್ಲೋ ಇವಳೂ ಅಲ್ಲೇ ಅಂತ ನಿಮ್ಮ ಹಿಂದೆ ಬರ್ತೀನಿ."

"ಆಡಾ?" ಅಂದೆ.

"ಆಡೇ ದೋನಾ. ನಮ್ಮದೇ ಆಡು. ಬೈಯೋಕೂ ಆಗಲ್ಲ."

ನಾನು ಅವನ ಮುಖ ನೋಡಿದೆ. ಸುಳ್ಳಿನ ಎಳೆ ಹುಡುಕಿದೆ, ನಿಜ ಹೇಳುತ್ತೇನೆ. ಗಾಡಿಯ ಮೇಲೆ ಆಂಟೆನಾದ ಜಾಗದಲ್ಲಿ ಒಂದು ಮೋಟು ಮಾತ್ರ ನಿಂತಿತ್ತು.

ತೈನಾ ನನ್ನನ್ನು ನೋಡಲಿಲ್ಲ. ಸ್ವಲ್ಪ ಹೊತ್ತು ಕೈಗವಸಿನ ದಾರ ಕಿತ್ತಳು. ಆಮೇಲೆ ರೇಡಿಯೋವನ್ನು ಎಲ್ಲರೂ ಕೇಳುವ ಚಾನೆಲ್‌ಗೆ ತಿರುಗಿಸಿ ಗುಂಡಿ ಒತ್ತಿದಳು.

"ನಾನು ತೈನಾ. ಕ್ವಾರಿ ಹತ್ರದ ಹುಲ್ಲುಗಾವಲಲ್ಲಿ ಇಳಿದಿದೀನಿ. ದಲ್ವಾನೂ ಇಲ್ಲೇ. ನಂಗೆ ಆಪತ್ತು ಅಂತ ನೆರವಿಗೆ ಬಂದು ಇಳಿದ್ಲು. ಅವಳ ಅಂಕ ಸರಿಮಾಡಿ."

ಮುಖ್ಯಸ್ಥನ ದನಿ ಗೊರಗೊರ ಅಂತು. "ಏನು ಆಪತ್ತು?"

ಇಲ್ಲಿ ಯಾವ ಸುಳ್ಳು ಹೇಳಿದರೂ ನಡೆಯುತ್ತಿತ್ತು. ತಲೆಸುತ್ತು ಅಂದಿದ್ದರೆ ಸಾಕಿತ್ತು.

"ಆಪತ್ತಿರಲಿಲ್ಲ," ಅಂದಳು ತೈನಾ. "ಅವಳನ್ನ ಕೆಳಗಿಳಿಸೋಕೆ ಬೇಕಂತ್ಲೇ ಸುಳ್ಳುಸುತ್ತು ಹಾಕಿದೆ. ಅದು ಅವಳಿಗೆ ಗೊತ್ತಿರಲಿಲ್ಲ. ಅವಳು ಗುಡ್ಡ ಮುಟ್ಟೋಷ್ಟು ಎತ್ತರದಲ್ಲಿದ್ಲು. ಗಾಡಿಯಿಂದ ನಮ್ಮಜ್ಜಿ ನೋಡಿದಾರೆ."

"ಸರಿ, ಕೇಳಿಸ್ತು. ಅವಳ ಅಂಕ ಸರಿಯಾಗತ್ತೆ," ಅಂತು ರೇಡಿಯೋ. ಆ ಮಾತಿನ ಜೊತೆಗೇ ತಂಡದಲ್ಲಿ ತೈನಾಳ ಜಾಗವೂ ಹೋಯಿತು.

ದಲ್ವಾ ಬೈಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಹಸುಗಳ ಕಡೆ ಮುಖ ತಿರುಗಿಸಿ ತನ್ನ ಚೀಲದ ಮೇಲೆ ಕೂತಳು. ಒನೋಫ್ರೆ ಅವಳ ರೆಕ್ಕೆ ಮಡಚಲು ಅದರ ಕಡ್ಡಿಗಳನ್ನು ಒಂದೊಂದಾಗಿ ಹೊರಗೆಳೆಯತೊಡಗಿದ. ಅವನ ಗಾಡಿಯಲ್ಲಿ ನೀರಿನ ಬಾಟಲಿ ಬಿಟ್ಟರೆ ತಿನ್ನಲು ಏನೂ ಕಾಣಲಿಲ್ಲ.

ನಾನು ಬೆಳಿಗ್ಗೆ ಕಟ್ಟಿದ್ದ ಡಬ್ಬಿಯನ್ನು ತೈನಾಳಿಗೆ ಕೊಟ್ಟೆ: ಅನ್ನ, ಹುರುಳಿಕಾಳು, ಬೆಂಡೆಕಾಯಿ ಹಾಕಿದ ಕೋಳಿ, ಮೇಲೊಂದು ಚಮಚ. ಚೌಕದ ಬಟ್ಟೆಯಲ್ಲಿ ಇನ್ನೂ ಬೆಚ್ಚಗಿತ್ತು. ಅವಳು ಅದನ್ನು ಹಿಡಿದು ಹಸುಗಳ ಮತ್ತು ದಲ್ವಾಳ ನಡುವೆ ಹೋಗಿ ನಿಂತಳು. ಬಟ್ಟೆಯ ಗಂಟು ಬಿಚ್ಚಿ, ಚಮಚ ಒರೆಸಿ, ಡಬ್ಬಿಯನ್ನು ದಲ್ವಾಳ ಕೈಗಿತ್ತಳು.