ಕತ್ತರಿ ಹಿಡಿದ ಶಾಬುದ್ದೀನ

ರಾಣೆಬೆನ್ನೂರಿನ ನಮ್ಮ ಗಲ್ಲಿಯಲ್ಲಿ ಅರಿವೆ ಕತ್ತರಿಸುವವನು ಮಾಸ್ತರ, ಹೊಲಿಯುವವನು ಕಾರಿಗರ. ಎಷ್ಟೇ ಚಂದ ಹೊಲಿಯಲಿ, ಕಾರಿಗರ ಕತ್ತರಿ ಮುಟ್ಟುವಂತಿರಲಿಲ್ಲ. ದಸರಾದಲ್ಲಿ ಹತಾರಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಊರಿನ ಮಾಸ್ತರರ ಎದುರು ಅವನ ಮಾಸ್ತರನೇ ಕೈಗೆ ಕತ್ತರಿ ಕೊಡಬೇಕು. ಕೊಟ್ಟ ಮೇಲೆ ಸ್ವಂತ ಅಂಗಡಿ ಇಡಬಹುದು. ಆದರೆ ಇನ್ನೊಬ್ಬರ ಅಂಗಡಿಯಲ್ಲಿ ಮತ್ತೆ ಮಷೀನಿಗೆ ಕೂಡುವಂತಿಲ್ಲ. ಈ ಕಟ್ಟಳೆಯನ್ನು ಯಾವ ದೇವರು ಮಾಡಿದನೋ ಗೊತ್ತಿಲ್ಲ. ಮಾಸ್ತರರೇ ಮಾಡಿರಬೇಕು.

ಎಂಬತ್ತೇಳರ ದಸರಾ-ದೀಪಾವಳಿ ಹತ್ತಿರ ಬಂದಾಗ ಕಾರಿಗರರೆಲ್ಲ ಮಷೀನು ಬಂದ್ ಮಾಡಿದರು. ಗಿರಾಕಿಯಿಂದ ಮಾಸ್ತರ ಇಸಕೊಳ್ಳುವುದು ವರ್ಷ ವರ್ಷ ಏರುತ್ತಿತ್ತು, ಕಾರಿಗರನ ಕೂಲಿ ಮಾತ್ರ ಇದ್ದಲ್ಲೇ ಇತ್ತು. ಮುಂದೆ ನಿಂತವನು ಶಾಬುದ್ದೀನ, ಪ್ರಭುಲಿಂಗಪ್ಪ ಮಾಸ್ತರರ ಹಳೇ ಕಾರಿಗರ. ಬಾಯಿ ಜೋರು, ಮನಸ್ಸು ಮೆತ್ತಗೆ. ಅವನ ಪಕ್ಕದ ಮಷೀನಿನ ಕೊಟ್ರಪ್ಪ ಅವನ ಜೀವದ ಗೆಳೆಯ. ಹಬ್ಬದ ಅರಿವೆ ರಾಶಿ ಬಿದ್ದು ಮಾಸ್ತರರಿಗೆ ನಡುಕ ಹುಟ್ಟಿತ್ತು. ಇನ್ನೊಂದು ವಾರ ತಡೆದಿದ್ದರೆ ಗೆಲ್ಲುತ್ತಿದ್ದರು. ನೆನೆಸಿಕೊಂಡರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಖಂಡೇಪೂಜೆಯ ಮುಂಜಾನೆ ಪ್ರಭುಲಿಂಗಪ್ಪ ಕರೆಸಿದರು.

"ಶಾಬು, ಇವತ್ತ ನಿನಗ ಕತ್ತರಿ ಕೊಡಾಕತ್ತೇನಿ. ಒಲ್ಲೆ ಅನಬ್ಯಾಡ."

ಹೆಂಡತಿ ಮಹಮೂದಾಬೇಗಂ ಸುದ್ದಿ ಕೇಳಿ ಉರ್ದುವಿನಲ್ಲಿ ಬೈದಳು. ಸಾಲದು ಅನ್ನಿಸಿ ಕನ್ನಡದಲ್ಲೂ ಬೈದಳು. "ಇಷ್ಟ ವರ್ಷ ಕೊಡಲಾರದವ್ರು ಇವತ್ತ ಯಾಕ ಕೊಡಾಕತ್ತಾರ?"

ಅವನು ಕೊಟ್ರಪ್ಪನ ಮನೆಗೆ ಓಡಿದ. "ನಾ ಮಾಸ್ತರ ಆದ್ರ, ನಾವು ಕೇಳಿದ ಕೂಲಿ ನಾನ ಮೊದಲ ಕೊಡ್ತೀನೋ. ಆಮ್ಯಾಲ ಉಳಿದವ್ರೂ ಕೊಡಬೇಕಾಕ್ಕತಿ."

"ನಿನಗ ಬೇಕಾಗೈತಿ, ತಗೋ," ಅಂದ ಕೊಟ್ರಪ್ಪ. "ನಮ್ಮ ಹೆಸರ ಯಾಕ ಹೇಳ್ತಿ?"

ತಗೊಂಡ. ಖರೇ ಹೇಳಬೇಕೆಂದರೆ ಅವನಿಗೆ ಆಸೆ ಇತ್ತು. ಯಾಕೆ ಇರಬಾರದು?

ಮರುದಿನವೇ ಕಾರಿಗರರು ಒಬ್ಬೊಬ್ಬರಾಗಿ ಹಳೇ ಕೂಲಿಗೇ ಮಷೀನಿಗೆ ಕೂತರು. ಮುಂದಾಳೇ ಆಚೆ ದಾಟಿದ ಮೇಲೆ ಯಾರ ಸಲುವಾಗಿ ತಡೆಯಬೇಕು? ಮುಂದಿನ ವರ್ಷ ಕತ್ತರಿ ತಮಗೇ ಸಿಕ್ಕೀತು ಎಂಬ ಆಸೆ ಒಬ್ಬೊಬ್ಬನಲ್ಲೂ ಹೊಕ್ಕಿತ್ತು.

ಶಾಬುದ್ದೀನ ಹಲಗೇರಿ ರಸ್ತೆಯಲ್ಲಿ ಸಣ್ಣ ಅಂಗಡಿ ಹಾಕಿ, ಹೇಳಿದಂತೆ ಹೆಚ್ಚಿನ ಕೂಲಿ ಸಾರಿದ. ಒಬ್ಬ ಕಾರಿಗರನೂ ಬರಲಿಲ್ಲ. ಅಲ್ಲಿ ಹೊಲಿದವನಿಗೆ ಈ ಊರಲ್ಲಿ ಯಾರೂ ಕತ್ತರಿ ಕೊಡುವುದಿಲ್ಲ ಎಂದು ಮಾಸ್ತರರು ಆಗಲೇ ಹೇಳಿಯಾಗಿತ್ತು. ಅರಿವೆ ಅಂಗಡಿಯವರೂ ಅವರ ಮಾತು ಕೇಳಿ ಅವನ ಕಡೆ ಗಿರಾಕಿ ಕಳಿಸಲಿಲ್ಲ. ರಂಜಾನಿಗೆ ನಮ್ಮ ಓಣಿಯ ನಾಲ್ಕು ಮಂದಿ ಅಂಗಿ ಕೊಟ್ಟರು, ಅಷ್ಟೇ. ಮಳೆಗಾಲಕ್ಕೆ ಅಂಗಡಿ ಮುಚ್ಚಿತು. ಮುಂದಿನ ಸುಗ್ಗಿಯಲ್ಲಿ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ಚೀಲದ ಬಾಯಿ ಹೊಲಿದ. ಘಾಟಿಗೆ ಕೆಮ್ಮು ಹತ್ತಿ, ಬಡಕಲಾಗಿ ತಿರುಗಿ ಬಂದ.

ಕೊನೆಗೆ ಪ್ರಭುಲಿಂಗಪ್ಪನವರ ಅಂಗಡಿ ಹತ್ತಿದ.

"ಬರ್ರಿ ಮಾಸ್ತರ, ಕುಂದ್ರಿ," ಎಂದು ಅವರು ತಾವೇ ಕುರ್ಚಿ ಎಳೆದರು, ಚಹಾ ತರಿಸಿದರು.

"ಮಾಸ್ತರ ಅನಬ್ಯಾಡ್ರಿ. ಒಂದು ಮಷೀನ ಕೊಡ್ರಿ ಸಾಕು. ಹಳೇ ಕೂಲಿನ ಇರಲಿ."

"ಛೇ, ಎಂಥಾ ಮಾತ್ರಿ! ನಿಮ್ಮನ್ನ ಕಾರಿಗರ ಮಂದ್ಯಾಗ ಕುಂದ್ರಿಸಿದ್ರ ನನಗ ಯಾರರ ಮಾಸ್ತರ ಅಂದಾರು?"

ಶಾಬುದ್ದೀನ ಗೆಳೆಯನ ಕಡೆ ತಿರುಗಿದ. "ನೀನರ ಒಂದ ಮಾತ ಹೇಳೋ, ಕೊಟ್ರ."

ಕೊಟ್ರಪ್ಪ ತಲೆ ಎತ್ತಲಿಲ್ಲ, ಮಷೀನು ತುಳಿಯುವುದನ್ನೂ ನಿಲ್ಲಿಸಲಿಲ್ಲ. "ನಾವು ಕಾರಿಗರು. ಮಾಸ್ತರ ಮಂದಿ ಮಾತಿನ್ಯಾಗ ನಾವೇನ ಹೇಳೂದ್ರಿ?"

ಶಾಬುದ್ದೀನ ಚಹಾ ಕುಡಿದು ಎದ್ದ. ಕುಡಿಯದೆ ಎದ್ದಿದ್ದರೆ ಮಾನ ಉಳಿಯುತ್ತಿತ್ತು ಅಂತ ನೀವು ಅಂದೀರಿ. ಮುಂಜಾನೆಯಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.